ನನ್ನನ್ನು ಹೊಗೆಯ ದ್ವೀಪಕ್ಕೆ ಕಳಿಸಿದ್ದು

ಭಾಂಡುಪ್

ವಿದೇಶ ಪ್ರವಾಸ ಮಾಡಿ ಬಂದವರು ಮೊದಲು ಅಲ್ಲಿಯ ಎತ್ತರದ ಕಟ್ಟಡಗಳನ್ನು ಹೊಗಳಬೇಕು, ಆಮೇಲೆ ಶುಚಿತ್ವವನ್ನು ಹೊಗಳಬೇಕು, ಕೊನೆಗೆ ನಮ್ಮವರನ್ನು ಬೈಯಬೇಕು. ನಾನು ಹೋದ ಕಡೆ ಎತ್ತರದ ಕಟ್ಟಡವೇ ಇರಲಿಲ್ಲ. ಶುಚಿತ್ವ ಇತ್ತು, ಆದರೆ ಗಲೀಜು ಮಾಡಲು ಜನರೂ ಇರಬೇಕಲ್ಲ. ನಮ್ಮವರನ್ನು ಬೈಯಲು ಮಾತ್ರ ಬೇಕಾದಷ್ಟು ಕಾರಣ ಸಿಕ್ಕಿತು.

ಮುಂಬಯಿಯ ಭಾಂಡುಪ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ನಮ್ಮದೊಂದು ಬಾರ್ ಇತ್ತು. ಇಪ್ಪತ್ತು ದಾಟುವ ಮೊದಲೇ ಊರು ಬಿಟ್ಟು ಬಂದ ನಾನು ಮತ್ತು ನನ್ನ ಅಕ್ಕನ ಗಂಡ ಶಿವರಾಮ ಬಾವ ಸೇರಿ ಅದನ್ನು ಶುರು ಮಾಡಿದೆವು. ಬೋರ್ಡಿನ ಮೇಲಿನ ಹೆಸರು ಅವರದು, ಕೌಂಟರಿನ ಹಿಂದಿನ ಬೆನ್ನು ನನ್ನದು. ನಮ್ಮಿಬ್ಬರ ನಡುವೆ ಕಾಗದ ಪತ್ರ ಇರಲಿಲ್ಲ, ಬಾಯಿಮಾತೇ ಸಾಕಾಗಿತ್ತು. ಸುತ್ತಮುತ್ತ ಕಾರ್ಖಾನೆಗಳಿದ್ದ ಕಾಲ ಅದು. ಪಾಳಿ ಬಿಟ್ಟ ಕೂಡಲೇ ಜನ ನೇರ ನಮ್ಮಲ್ಲಿಗೆ ಬರುತ್ತಿದ್ದರು, ನಿಂತೇ ಒಂದು ಕ್ವಾರ್ಟರ್ ಮುಗಿಸಿ, ಬೇಯಿಸಿದ ಕಡಲೆ ಬಾಯಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಈಗ ಕಾರ್ಖಾನೆಗಳ ಜಾಗದಲ್ಲಿ ಟವರುಗಳು ಎದ್ದಿವೆ. ಟವರಿನವರು ನಿಂತು ಕುಡಿಯುವುದಿಲ್ಲ. ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಕೌಂಟರ್ ಬಿಟ್ಟು ಮಂಟಪಕ್ಕೆ ಹೋಗಲು ಪುರುಸೊತ್ತಾಗಲಿಲ್ಲ ಎಂದು ಹೇಳುತ್ತಾ ಬಂದಿದ್ದೇನೆ.

ಬಾವ ತೀರಿಕೊಂಡ ಮೇಲೆ ಲೈಸೆನ್ಸ್ ಅಕ್ಕನ ಹೆಸರಿಗೆ ಬಂತು. ಅಕ್ಕನ ಮಗ ನಿತಿನ್ ಹುಟ್ಟಿ ಬೆಳೆದದ್ದೆಲ್ಲ ಘಾಟ್ಕೋಪರ್‌ನಲ್ಲಿ. ಒಳ್ಳೆಯ ಹುಡುಗ, ಬಾರ್ ಒಳಗೆ ಬರುವಾಗ ಮಾತ್ರ ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದ. ಅವನಿಗೆ ಅದನ್ನು ಮಾರಬೇಕಾಗಿತ್ತು. ಕೊಳ್ಳಲು ರಾಜೇಶ್ ಭಾಯ್ ಎಂಬ ಘಾಟ್ಕೋಪರ್‌ನವರೇ ತಯಾರಾಗಿದ್ದರು. ನಾನು ಬೇಡ ಎಂದೆ. ಬಾರ್ ಹೋದರೆ ನನಗೆ ಹೋಗಲು ಬೇರೆ ಜಾಗವಿಲ್ಲ ಎಂದು ಬಾಯಿಬಿಟ್ಟು ಹೇಳಿದೆ. ಆಗ ಅಕ್ಕ, “ವಿಠಲ ಬೇಡ ಅಂದ ಮೇಲೆ ಬೇಡ. ನಾನು ಸಹಿ ಹಾಕುದಿಲ್ಲ” ಎಂದು ನಿತಿನ್‌ನ ಎದುರೇ ಹೇಳಿದಳು. ಆ ಒಂದು ಮಾತಿನ ಮೇಲೆ ನಾನು ನಿಶ್ಚಿಂತೆಯಿಂದ ಇದ್ದೆ.

ನಮ್ಮ ವ್ಯಾಪಾರದಲ್ಲಿ ಸ್ಕೀಮು ಎಂಬುದೊಂದಿದೆ. ಒಂದು ಕಂಪನಿಯ ಮಾಲನ್ನು ಬಾರಿನವರು ಸಾಕಷ್ಟು ಎತ್ತಿದರೆ ಮಾಲೀಕರನ್ನು ಕಂಪನಿಯವರೇ ಬ್ಯಾಂಕಾಕಿಗೋ ದುಬೈಗೋ ಸುತ್ತಾಡಿಸಿ ತರುತ್ತಾರೆ. ಈ ಸಲ ಸ್ಕಾಟ್ಲೆಂಡ್ ಬಂತು. ಸೀಟು ನಿತಿನ್‌ನದು. ಅವನು ನನಗೆ ಬಿಟ್ಟುಕೊಟ್ಟ.

“ಮಾಮ, ನೀವೇ ಹೋಗಿ. ಲೈಫಲ್ಲಿ ಒಂದು ಬಾರ್ ಆದ್ರೂ ಕಸ್ಟಮರ್ ಸೈಡಿಂದ ನೋಡಿ ನಾ. ಟೆನ್ಶನ್ ಮತ್ ಲೋ, ಕೌಂಟರ್ ನಾನು ನೋಡ್ಕೊಳ್ತೇನೆ.”

ಅಕ್ಕ ಬಾವನ ಉಣ್ಣೆ ಸ್ವೆಟರ್ ತೆಗೆದು ಕೊಟ್ಟಳು. ಚಕ್ಕುಲಿ ಕಟ್ಟಿಕೊಟ್ಟಳು. “ಹೋಗಿ ಬಾ ಮಾರಾಯ, ನೀನೂ ಒಮ್ಮೆ ಲೋಕ ನೋಡು” ಎಂದಳು. ನನಗೆ ಕಣ್ಣು ತುಂಬಿ ಬಂತು. ಈಗ ನೆನೆದರೆ ಮೈ ಉರಿಯುತ್ತದೆ.

ಗ್ಲಾಸ್ಗೋ

ನಮ್ಮ ಗುಂಪಿನಲ್ಲಿ ಇದ್ದವರೆಲ್ಲ ಮುಂಬಯಿಯ ಬಾರಿನವರೇ. ಕರೆದುಕೊಂಡು ಹೋದವನು ಕಂಪನಿಯ ಸೇಲ್ಸ್‌ನ ಮೌಲಾಲಿ. ವಿಜಯಪುರದ ಕಡೆಯವನು, ಭಾಂಡುಪ್‌ನಿಂದ ಮುಲುಂಡ್‌ವರೆಗಿನ ಬಾರ್‌ಗಳೆಲ್ಲ ಅವನ ಕೈಯಲ್ಲಿವೆ. ಹಲವು ವರ್ಷಗಳಿಂದ ನನ್ನ ಕೌಂಟರಿಗೆ ಬಂದು ಚಹಾ ಕುಡಿದು ಹೋಗುವವನು. ಮದ್ಯ ಮಾರುತ್ತಾನೆ, ಒಂದು ಹನಿ ನಾಲಿಗೆಗೆ ಮುಟ್ಟಿಸುವುದಿಲ್ಲ.

ಗ್ಲಾಸ್ಗೋದಲ್ಲಿ ನಾವು ಇಳಿದದ್ದು ಬೆಳಿಗ್ಗೆ. ಆಂಟಾಪ್ ಹಿಲ್‌ನಿಂದ ಬಂದಿದ್ದ ಹಿರಿಯರೊಬ್ಬರು ಹೋಟೆಲಿನ ತಿಂಡಿಯ ಮೇಜಿನಲ್ಲಿ ಗಂಜಿ ಇದೆಯೇ ಎಂದು ಕೇಳಿದರು. ಓಟ್ಸ್ ಬೇಯಿಸಿದ್ದನ್ನು ತಂದಿಟ್ಟರು. ಅವರು ಅದಕ್ಕೆ ಉಪ್ಪು ಹಾಕಿ, ನನ್ನ ಅಕ್ಕನ ಚಕ್ಕುಲಿ ಮುರಿದು ಹಾಕಿ ತಿಂದರು. ಪಕ್ಕದ ಮೇಜಿನ ದೊರೆಸಾನಿ ಅದೇನೆಂದು ಕೇಳಿದಾಗ ಒಂದು ಚೂರು ಕೊಟ್ಟೂ ಕೊಟ್ಟರು. ಆಕೆ ಅಗಿದು, ಹಲ್ಲು ಹಿಡಿದುಕೊಂಡು, ಬಹಳ ಚೆನ್ನಾಗಿದೆ ಎಂದಳು. ಆ ಊರಿನವರ ಮರ್ಯಾದೆ ಮೊದಲು ನನಗೆ ಗೊತ್ತಾದದ್ದು ಹೀಗೆ.

ದ್ವೀಪ

ಅಲ್ಲಿಂದ ಬಸ್ಸು, ಆಮೇಲೆ ಹಡಗು. ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಐಲಾ ಎಂಬ ದ್ವೀಪ. ಮರಗಳು ಕಡಿಮೆ, ಕುರಿಗಳು ಹೆಚ್ಚು, ಗಾಳಿ ಎಲ್ಲಕ್ಕಿಂತ ಹೆಚ್ಚು. ಅಲ್ಲಿ ಎದುರಿಗೆ ಬರುವ ಪ್ರತಿಯೊಂದು ಕಾರಿನವರೂ ನಮ್ಮತ್ತ ಕೈ ಎತ್ತುತ್ತಾರೆ. ಗುರುತು ಪರಿಚಯ ಏನೂ ಬೇಕಿಲ್ಲ. ಭಾಂಡುಪ್‌ನ ರಸ್ತೆಯಲ್ಲಿ ಕಾರಿನೊಳಗಿಂದ ಕೈ ಹೊರಬಂದರೆ ಅದು ಜಗಳಕ್ಕೆ ಬಂತು ಎಂದೇ ಲೆಕ್ಕ. ಮೊದಲ ದಿನ ನಾನೂ ಸಿಟ್ಟಿನಿಂದಲೇ ನೋಡಿದೆ. ಎರಡನೆಯ ದಿನ ನಾನೇ ಮೊದಲು ಕೈ ಎತ್ತತೊಡಗಿದೆ.

ವಿಸ್ಕಿ ಮಾಡುವ ಜಾಗಕ್ಕೆ ಮೊದಲು ಕರೆದೊಯ್ಯಲಿಲ್ಲ, ಜೌಗು ನೆಲಕ್ಕೆ ಕರೆದೊಯ್ದರು. ಕೊಳೆತ ಹುಲ್ಲು ಪಾಚಿ ಬೇರುಗಳು ಸಾವಿರಾರು ವರ್ಷ ಒತ್ತಿ ಒತ್ತಿ ಕಪ್ಪು ಮಣ್ಣಿನಂತಾಗಿರುತ್ತವೆ. ಅದಕ್ಕೆ ಪೀಟ್ ಎನ್ನುತ್ತಾರೆ. ಉದ್ದನೆಯ ಸಲಿಕೆಯಿಂದ ಇಟ್ಟಿಗೆಯ ಹಾಗೆ ಕತ್ತರಿಸಿ ಗಾಳಿಗೆ ಒಣಗಿಸುತ್ತಾರೆ. ಮೊಳಕೆ ಬರಿಸಿದ ಬಾರ್ಲಿಯನ್ನು ಈ ಪೀಟಿನ ಹೊಗೆಯಲ್ಲಿ ಒಣಗಿಸಿದರೆ ಹೊಗೆ ಕಾಳಿನೊಳಗೆ ಸೇರಿಕೊಂಡು ವಿಸ್ಕಿಯವರೆಗೂ ಬಿಡದೆ ಬರುತ್ತದೆ. ಒಂದು ಒಣ ತುಂಡನ್ನು ನನ್ನ ಕೈಗೆ ಕೊಟ್ಟರು. ಹಿಂದೆ ಭಾಂಡುಪ್‌ನ ಎಮ್ಮೆ ತಬೇಲಾದ ಗೋಡೆಗೆ ತಟ್ಟುತ್ತಿದ್ದ ಬೆರಣಿಯಷ್ಟೇ ಹಗುರ. ಹಾಗೆಂದು ಹೇಳಲು ಹೋದೆ, ಮೌಲಾಲಿ ನನ್ನ ಕಾಲು ತುಳಿದ.

ರುಚಿ ನೋಡುವ ಕೋಣೆ

ಮೋರಾಗ್ ಎಂಬ ಹೆಂಗಸು ನಮ್ಮನ್ನು ಉದ್ದ ಮೇಜಿನ ಸುತ್ತ ಕೂರಿಸಿದಳು. ನನ್ನ ಅಕ್ಕನ ವಯಸ್ಸಿರಬಹುದು. ಎದುರಿಗೆ ಹೊಟ್ಟೆ ಅಗಲ ಬಾಯಿ ಕಿರಿದಾದ ಪುಟ್ಟ ಗ್ಲಾಸು. ಸೋಡಾ ಇಲ್ಲ, ಐಸ್ ಇಲ್ಲ, ನೆಂಚಿಕೊಳ್ಳಲು ಒಂದು ಕಡಲೆಕಾಯಿ ಬೀಜವೂ ಇಲ್ಲ. ನಮ್ಮ ಬಾರಿನಲ್ಲಿ ಹೀಗೆ ಕೊಟ್ಟಿದ್ದರೆ ಗಿರಾಕಿ ಎದ್ದು ಪಕ್ಕದ ಬಾರಿಗೆ ಹೋಗುತ್ತಿದ್ದ.

ಮೊದಲು ಸುರಿದದ್ದು ಮೂರು ವರ್ಷ ತುಂಬಿ ಸ್ವಲ್ಪವೇ ಆದ ವಿಸ್ಕಿ. ಅಷ್ಟು ವರ್ಷ ಮರದ ಪೀಪಾಯಿಯಲ್ಲಿ ಕೂರದಿದ್ದರೆ ಅಲ್ಲಿ ಅದಕ್ಕೆ ವಿಸ್ಕಿ ಎಂಬ ಹೆಸರನ್ನೇ ಕೊಡುವುದಿಲ್ಲವಂತೆ. ಬಣ್ಣ ನಿಂಬೆ ಶರಬತ್ತಿನದು. ನಮ್ಮ ಗಿರಾಕಿಗಳಿಗೆ ವಿಸ್ಕಿ ಎಂದರೆ ಕಂದು ಬಣ್ಣ ಇರಬೇಕು, ಇಲ್ಲದಿದ್ದರೆ “ಪಾನಿ ಮಿಲಾಯಾ ಕ್ಯಾ?” ಎಂದು ನೀರು ಬೆರೆಸಿದ ಅನುಮಾನದಿಂದ ಗ್ಲಾಸು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ನಾನೂ ಬೆಳಕಿಗೆ ಹಿಡಿದೆ. ಮೂಗಿನ ಹತ್ತಿರ ತಂದೆ. ಡೆಟ್ಟಾಲ್ ಹಾಕಿ ತೊಳೆದ ಆಸ್ಪತ್ರೆಯ ನೆಲ, ಅದರ ಹಿಂದೆ ಎಲ್ಲೋ ವಯರ್ ಸುಟ್ಟ ವಾಸನೆ. ಇಷ್ಟು ವರ್ಷ ಕೌಂಟರ್ ನೋಡಿದವನಿಗೆ ಇದರ ಅರ್ಥ ಒಂದೇ, ಯಾರೋ ಬಾಟಲಿಗೆ ಕೈ ಹಾಕಿದ್ದಾರೆ. ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ, ಯಾರಿಗೂ ಅವಮಾನ ಆಗದ ಹಾಗೆ ಮೌಲಾಲಿಯ ಕಿವಿಯಲ್ಲಿ ಹೇಳಿದೆ.

“ಮಾಲು ಡೂಪ್ಲಿಕೇಟ್ ಉಂಟು. ಬಾಟಲಿ ಬದಲಾಯಿಸಲಿಕ್ಕೆ ಹೇಳು.”

“ಅಣ್ಣಾರ, ಅದರ ವಾಸನೀನ ಹಂಗ ಐತ್ರೀ” ಎಂದ ಅವನು, ನಗು ತಡೆಯಲಾರದೆ. “ಆ ವಾಸನಿಗೇ ಮಂದಿ ಇಷ್ಟು ದೂರ ಬರ್ತಾರ.”

ಮೋರಾಗ್ ಏನೆಂದು ಕೇಳಿದಳು, ಅವನು ಹೇಳಿಬಿಟ್ಟ. ಇಡೀ ಮೇಜು ನಕ್ಕಿತು. ಆ ನಗುವಿನ ಗಡಿಬಿಡಿಯಲ್ಲಿ ನಾನು ಇನ್ನೊಂದು ಎಡವಟ್ಟು ಮಾಡಿದೆ. ಮೊದಲ ಗುಟುಕಿಗೆ ಮುಂಚೆ ನಮ್ಮಲ್ಲಿ ಬೆರಳು ಅದ್ದಿ ಎರಡು ಹನಿ ಹೊರಗೆ ಚಿಮುಕಿಸುತ್ತಾರಲ್ಲ, ಹೋದವರಿಗೆ ಎಂದು, ಆ ಅಭ್ಯಾಸ ಕೈಬಿಟ್ಟು ಹೋಗುವುದಿಲ್ಲ. ಚಿಮುಕಿಸಿದೆ. ಎರಡು ಹನಿ ಹೋಗಿ ಮೋರಾಗ್‌ಳ ಬಿಳಿ ಅಂಗಿಯ ಮೇಲೆ ಬಿದ್ದವು. ಮೌಲಾಲಿ ತಲೆ ಚಚ್ಚಿಕೊಂಡ. ಆಕೆ ಮಾತ್ರ ಸಿಟ್ಟಾಗಲಿಲ್ಲ. ಯಾರಿಗಾಗಿ ಎಂದು ಕೇಳಿದಳು. ನನ್ನ ಅಕ್ಕನ ಗಂಡನಿಗೆ ಎಂದೆ. ಹಾಗಾದರೆ ಅವರಿಗೆ ರುಚಿ ಸಿಗುವ ಮೊದಲು ನೀನು ಕುಡಿಯಬೇಡ, ಸ್ವಲ್ಪ ನಿಲ್ಲು ಎಂದಳು. ನನಗೆ ಆಕೆಯ ಮೇಲೆ ಬಹಳ ಗೌರವ ಬಂತು.

ಆಮೇಲೆ ಆಕೆ ಹೇಳಿದ ಹಾಗೆ ಮಾಡಿದೆ. ಬಾಯಿ ಕೊಂಚ ತೆರೆದು ಮೂಸಬೇಕು, ಇಲ್ಲವಾದರೆ ಸ್ಪಿರಿಟ್ಟು ಮೂಗಿಗೆ ಹೊಡೆಯುತ್ತದೆ. ಚಮಚೆಯಲ್ಲಿ ಎರಡು ಹನಿ ನೀರು ಬಿಡಬೇಕು. ನೀರು ಬಿದ್ದದ್ದೇ ಡೆಟ್ಟಾಲ್ ಹಿಂದೆ ಸರಿಯಿತು. ಕೆಂಡದ ಮೇಲೆ ಸುಟ್ಟ ಒಣ ಬಂಗುಡೆ ಮೀನಿನ ವಾಸನೆ ಬಂತು. ನಾಲಿಗೆಗೆ ಮೊದಲು ತಾಗಿದ್ದು ಸಿಹಿ, ಬಿಸಿ ಗಂಜಿತಿಳಿಯ ಹಾಗೆ. ಹಿಂದೆಯೇ ನಿಂಬೆ ಸಿಪ್ಪೆಯ ಒಗರು, ಉಪ್ಪು, ಆಮೇಲೆ ಹೊಗೆ. ನುಂಗಿದ ಮೇಲೂ ಹೊಗೆ ಹೋಗಲಿಲ್ಲ, ಗಂಟಲಿನಲ್ಲಿ ಬೂದಿಯಾಗಿ ಕುಳಿತಿತು. ಎರಡನೆಯದಾಗಿ ಬಹಳ ಹಳೆಯ ವಿಸ್ಕಿಯನ್ನೂ ಕೊಟ್ಟರು. ಅದು ನಯವಾಗಿತ್ತು, ಹೊಗೆ ಎಲ್ಲೋ ಮೂಲೆಗೆ ಸರಿದಿತ್ತು. ನನಗೆ ಎಳೆಯದೇ ಹಿಡಿಸಿತು. ಅದಕ್ಕೆ ಮುಚ್ಚುಮರೆ ಗೊತ್ತಿಲ್ಲ, ಒಳಗಿದ್ದದ್ದನ್ನು ಎದುರಿಗೇ ಹೇಳಿಬಿಡುತ್ತದೆ.

ಕಡಲ ದಂಡೆ

ಅದೇ ಸಂಜೆ ನಾನೂ ಮೌಲಾಲಿಯೂ ದಂಡೆಯಲ್ಲಿ ನಡೆಯುತ್ತಿದ್ದೆವು. ಭಾಂಡುಪ್‌ಗೆ ಹೋದ ಮೇಲೆ ಇಂಥದ್ದು ಒಂದೆರಡು ಬಾಟಲಿ ಕೌಂಟರಿನಲ್ಲಿ ಇಡಬೇಕು, ಟವರಿನವರು ಬಂದರೂ ಬರಬಹುದು ಎಂದು ನಾನು ಉತ್ಸಾಹದಿಂದ ಹೇಳಿದೆ. ಅವನು ನಿಂತುಬಿಟ್ಟ.

“ಅಂದ್ರ, ಹೊಸಾ ಮಾಲಕ್ರು ನಿಮ್ಮನ್ನ ಇಟ್ಕೋತಾರೇನ್ರೀ ಅಣ್ಣಾರ? ಚಲೋ ಆತು ಬಿಡ್ರಿ. ನಾ ನೀವು ಊರಿಗೆ ಹೋಗ್ತೀರಿ ಅಂತ ತಿಳ್ಕೊಂಡಿದ್ದೆ.”

ಯಾವ ಹೊಸ ಮಾಲೀಕರು ಎಂದು ಕೇಳಿದೆ. ಅವನ ಮುಖ ಬಿಳಿಚಿತು.

“ನಿಮಗ ಗೊತ್ತಿಲ್ಲೇನು? ಯಾ ಅಲ್ಲಾ... ಮುಂದಿನ ತಿಂಗಳದ ಮಾಲು ರಾಜೇಶ್ ಭಾಯ್ ತಮ್ಮ ಹೆಸರಿಗೆ ಹೇಳ್ಯಾರ್ರೀ. ಗುರುವಾರ ನಿಮ್ಮ ಅಕ್ಕಾರ ಸಹಿ ಐತಂತ.”

ಅಂದು ಮಂಗಳವಾರ. ತಕ್ಷಣ ಘಾಟ್ಕೋಪರ್‌ಗೆ ಫೋನ್ ಹಚ್ಚಿದೆ. ಅಲ್ಲಿ ಮಲಗುವ ಹೊತ್ತು ಮೀರಿತ್ತು, ಆದರೂ ಮೊದಲ ರಿಂಗಿಗೇ ಅಕ್ಕ ಎತ್ತಿದಳು. ಕೇಳಿದ್ದನ್ನು ಹೇಳಿದೆ.

“ಅಂಥದ್ದು ಎಂತದೂ ಇಲ್ಲ ಮಾರಾಯ” ಎಂದಳು. “ನಿತಿನ್ ಯಾರ್ಯಾರ ಹತ್ರ ಎಂತೆಂತದೋ ಮಾತಾಡ್ತಾನೆ. ನನ್ನ ಸಹಿ ಇಲ್ಲದೆ ಎಂತ ಆಗ್ತದೆ? ನೀನು ಬಂದ ಮೇಲೆ ಮಾತಾಡುವ. ಅಲ್ಲಿ ಚಳಿ ಉಂಟಾ? ಸ್ವೆಟರ್ ಹಾಕಿಕೊಂಡಿದ್ದೀಯಲ್ಲ?”

ನಂಬಿದೆ. ಅಕ್ಕನನ್ನು ನಂಬದೆ ಇನ್ಯಾರನ್ನು ನಂಬಲಿ? ಆದರೂ ಮನಸ್ಸು ಕೇಳಲಿಲ್ಲ, ಬೆಳಿಗ್ಗೆಯೇ ಹೊರಟುಬಿಡುತ್ತೇನೆ, ಟಿಕೆಟ್ ಬದಲಾಯಿಸಿ ಕೊಡು ಎಂದು ಮೌಲಾಲಿಯ ಬೆನ್ನು ಹತ್ತಿದೆ. ಗುಂಪಿನ ಟಿಕೆಟ್, ಒಬ್ಬರದನ್ನು ಬದಲಾಯಿಸಲು ಬರುವುದಿಲ್ಲ, ಆದರೂ ನೋಡುತ್ತೇನೆ ಎಂದ. ಅದನ್ನು ನೋಡುವ ಕೆಲಸವೇ ಬೀಳಲಿಲ್ಲ. ಬುಧವಾರ ಗಾಳಿ ಎದ್ದಿತು. ಹಡಗು ನಿಂತಿತು.

ಗಾಳಿ

ಮುಂಬಯಿಯಲ್ಲಿ ಲೋಕಲ್ ನಿಂತರೆ ಜನ ಹಳಿಯ ಮೇಲೆ ಇಳಿದು ನಡೆಯುತ್ತಾರೆ, ಬಯ್ಯುತ್ತಾರೆ, ಹೇಗೋ ತಲುಪುತ್ತಾರೆ. ಅಲ್ಲಿ ಹಡಗು ನಿಂತರೆ ಜನ ಚಹಾ ಮಾಡಿಕೊಂಡು ಕಿಟಕಿಯ ಬಳಿ ಕೂರುತ್ತಾರೆ. ನಾಳೆ ಬರುತ್ತದೆ, ಇಲ್ಲವೇ ನಾಡಿದ್ದು ಬರುತ್ತದೆ ಎನ್ನುತ್ತಾರೆ. ನಾನು ಬುಧವಾರ ಇಡೀ ದಿನ ಬಂದರಿನ ಕಟ್ಟೆಯ ಮೇಲೆ ನಿಂತಿದ್ದೆ. ಟಿಕೆಟ್ ಕೊಡುವ ಮುದುಕ ಎರಡು ಸಲ ಬಂದು ಒಳಗೆ ಕೂರಲು ಕರೆದ. ಅಷ್ಟು ಅವಸರ ಏನಿದೆ ಎಂದು ಕೇಳಿದ. ನನ್ನ ಹರಕು ಇಂಗ್ಲಿಷಿನಲ್ಲಿ ಅಕ್ಕ, ಬಾರು, ಸಹಿ ಇವನ್ನೆಲ್ಲ ಹೇಗೆ ಹೇಳಲಿ? ಮನೆ ಎಂದಷ್ಟೇ ಹೇಳಿದೆ.

ಗುರುವಾರವೂ ಗಾಳಿ ಇಳಿಯಲಿಲ್ಲ. ಅಕ್ಕ ಫೋನ್ ಎತ್ತಲಿಲ್ಲ. ನಿತಿನ್ ಎತ್ತಲಿಲ್ಲ. ನಾವು ಇಳಿದಿದ್ದ ಮನೆಯ ಕೆಳಗಡೆಯೇ ಒಂದು ಸಣ್ಣ ಬಾರ್ ಇತ್ತು. ಹೋಗಿ ಅದೇ ಎಳೆಯ ವಿಸ್ಕಿಯನ್ನು ಕೇಳಿ ಪಡೆದು ಮೂಲೆಯಲ್ಲಿ ಕುಳಿತೆ. ಅಂದು ನೀರು ಹಾಕಲಿಲ್ಲ. ಬಿಸಿ ಗಂಜಿತಿಳಿಯೂ ಇಲ್ಲ, ನಿಂಬೆಯೂ ಇಲ್ಲ, ಬರೀ ಕಹಿ, ಉಪ್ಪು, ಬೂದಿ. ರುಚಿ ಎಂಬುದು ಗ್ಲಾಸಿನಲ್ಲಿ ಅರ್ಧ, ಕುಡಿಯುವವನಲ್ಲಿ ಅರ್ಧ ಇರುತ್ತದೆ ಎಂದು ನನಗೆ ಅಂದು ತಿಳಿಯಿತು. ಇಷ್ಟು ವರ್ಷ ಎದುರಿಗೆ ಕೂತು ಕುಡಿದ ಕಾರ್ಖಾನೆಯವರು ಒಂದೇ ಬಾಟಲಿಯದನ್ನು ಒಂದು ದಿನ ಹೊಗಳಿ, ಮರುದಿನ ಉಗಿಯುತ್ತಿದ್ದರು. ನಾನು ಅವರಿಗೆ ನಾಲಿಗೆ ಸರಿಯಿಲ್ಲ ಎಂದುಕೊಂಡಿದ್ದೆ. ಆದರೂ ಗ್ಲಾಸು ಖಾಲಿ ಮಾಡಿ ಎದ್ದೆ. ಅಂಥ ಹೊತ್ತಿನಲ್ಲಿ ಸಿಹಿಯಾದ ವಿಸ್ಕಿ ಕೊಟ್ಟಿದ್ದರೆ ಅದನ್ನು ಎತ್ತಿ ಗೋಡೆಗೆ ಎಸೆಯುತ್ತಿದ್ದೆ.

ಮೌಲಾಲಿ ಪಕ್ಕದಲ್ಲಿ ಕಿತ್ತಳೆ ರಸ ಇಟ್ಟುಕೊಂಡು ಕುಳಿತಿದ್ದ. ಆ ಪ್ರವಾಸದಲ್ಲಿ ನನಗೆ ಯಾರಾದರೂ ಉಪಕಾರ ಮಾಡಿದ್ದರೆ ಅದು ಅವನು ಸುಮ್ಮನೆ ಕುಳಿತದ್ದು.

ಘಾಟ್ಕೋಪರ್

ಗಾಳಿ ಇಳಿದು ಹಡಗು ಹೊರಟ ಮೇಲೆ, ಆ ಎಳೆಯ ವಿಸ್ಕಿಯ ಒಂದು ಬಾಟಲಿ ಚೀಲದಲ್ಲಿಟ್ಟುಕೊಂಡು ಬಂದವನು ವಿಮಾನ ನಿಲ್ದಾಣದಿಂದ ನೇರ ಅಕ್ಕನ ಮನೆಗೆ ಹೋದೆ. ಲಿಫ್ಟಿನಲ್ಲಿ ಹೋಗುವವರೆಗೂ, ಅವಳು ಸಹಿ ಹಾಕಿರಲಾರಳು ಎಂದೇ ನನಗೆ ನಾನು ಹೇಳಿಕೊಳ್ಳುತ್ತಿದ್ದೆ. ಬಾಗಿಲು ತೆರೆದದ್ದು ನಿತಿನ್. ಒಳಗೆ ಸೋಫಾದಲ್ಲಿ ರಾಜೇಶ್ ಭಾಯ್ ಕುಳಿತಿದ್ದರು. ಅವರು ಆರಾಮವಾಗಿ ಕಾಲು ಚಾಚಿ ಕುಳಿತಿದ್ದ ರೀತಿಯಲ್ಲೇ ಎಲ್ಲ ಗೊತ್ತಾಯಿತು. ಗಿರಾಕಿ ಹಾಗೆ ಕೂರುವುದಿಲ್ಲ, ಮಾಲೀಕ ಕೂರುತ್ತಾನೆ.

“ಮಾಮ, ಆಯಿಯೇ ಆಯಿಯೇ! ಹೇಗಾಯ್ತು ಟ್ರಿಪ್?” ಎಂದ ನಿತಿನ್. “ಬಾಟಲಿ ತಂದಿದ್ದೀರಲ್ಲ? ರಾಜೇಶ್ ಭಾಯ್‌ಗೆ ಸ್ವಲ್ಪ ದಿಖಾಯಿಯೇ ನಾ, ಹೇಗೆ ಟೇಸ್ಟ್ ಮಾಡೋದು ಅಂತ. ಅವರು ನಮ್ಮ ಬಾರ್ ಜಾಗದಲ್ಲಿ ಲೌಂಜ್ ಮಾಡ್ತಾರೆ.”

ಬೈಯಬೇಕಿತ್ತು. ಬಾಟಲಿಯನ್ನು ಬಗಲಿಗೆ ಹಾಕಿಕೊಂಡು ಹೊರಗೆ ಹೋಗಬೇಕಿತ್ತು. ಆದರೆ ಯಾರಾದರೂ ಸುರಿಯಿರಿ ಎಂದರೆ ನನ್ನ ಕೈ ತಾನಾಗಿ ಸುರಿಯುತ್ತದೆ, ಅಷ್ಟು ವರ್ಷ ಅದೇ ಕೆಲಸ ಮಾಡಿದೆ ಅದು. ಮೂಸುವುದು ಹೇಗೆ, ನೀರು ಎಷ್ಟು, ಎಳೆಯ ವಿಸ್ಕಿಯಲ್ಲಿ ಹೊಗೆ ಯಾಕೆ ಇಷ್ಟು ಜೋರು ಎಂದೆಲ್ಲ ಹಿಂದಿಯಲ್ಲಿ ಹೇಳಿದೆ. ಮೋರಾಗ್ ಹೇಳಿದ್ದರಲ್ಲಿ ಒಂದನ್ನೂ ಬಿಡಲಿಲ್ಲ. ರಾಜೇಶ್ ಭಾಯ್ ಒಂದು ಗುಟುಕು ಕುಡಿದು ಮುಖ ಕಿವುಚಿ, ಉಳಿದದ್ದಕ್ಕೆ ಕೋಲಾ ಸುರಿದುಕೊಂಡರು. ನಂತರ ನಿತಿನ್‌ಗೆ ಹೇಳಿದರು.

“ಅಂಕಲ್ ಬೋಲತೇ ಅಚ್ಛಾ ಹೈಂ. ಶನಿವಾರ್ ಕೋ ಬುಲಾಯೇಂಗೇ. ಕೋಟ್ ಪಹನಾಕೇ ಖಡಾ ಕರೇಂಗೇ, ಕಸ್ಟಮರ್ ಖುಶ್.”

ಶನಿವಾರ ನನಗೆ ಕೋಟು ತೊಡಿಸಿ ಗಿರಾಕಿಗಳ ಮುಂದೆ ನಿಲ್ಲಿಸುವ ಮಾತು ಅದು, ನಾನು ಅಲ್ಲೇ ಎದುರಿಗಿದ್ದೆ. ನನ್ನನ್ನು ಕೇಳಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ. ನಿತಿನ್ ಅವರನ್ನು ಕೆಳಗೆ ಕಾರಿನವರೆಗೆ ಬಿಟ್ಟು ಬರಲು ಹೋದ.

ಅಲ್ಲಿಯವರೆಗೆ ಅಡುಗೆಮನೆಯಿಂದ ಹೊರಗೇ ಬರದಿದ್ದ ಅಕ್ಕ ಆಗ ಬಂದಳು. ಶಾಕಾಹಾರಿಗಳೇ ಹೆಚ್ಚಿರುವ ಆ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಮೀನಿನ ವಾಸನೆ ಬಂದರೆ ತಕರಾರು. ಕಿಟಕಿಗಳನ್ನೆಲ್ಲ ಮುಚ್ಚಿ ನನಗಾಗಿ ಬಂಗುಡೆ ಸಾರು ಮಾಡಿದ್ದಳು. ತಟ್ಟೆ ಇಟ್ಟು ಅನ್ನ ಬಡಿಸಿದಳು. ನಾನು ಕೈ ತೊಳೆದು ಕುಳಿತೆ. ಹಸಿವೂ ಇತ್ತು.

“ಅಕ್ಕ, ಗುರುವಾರ ಸಹಿ ಹಾಕಿದೆಯಾ?”

“ಹಾಕಿದೆ.”

“ಫೋನಿನಲ್ಲಿ ಇಲ್ಲ ಅಂದೆಯಲ್ಲ.”

“ಮತ್ತೆ ಎಂತ ಹೇಳುದು?” ಸಾರಿನ ಸೌಟು ಅವಳ ಕೈಯಲ್ಲೇ ಇತ್ತು. “ನಿತಿನ್‌ಗೆ ಎರಡು ಕಡೆ ಹೆಣ್ಣು ನೋಡಿದ್ದು ಮುರಿಯಿತು. ಬಾರಿನವರ ಮನೆ ಅಂತ ಹೇಳಿ ಹಿಂದೆ ಹೋದರು. ಇಲ್ಲಿ ಕೆಳಗೆ ಹೆಂಗಸರು ಕೇಳಿದರೆ ನಾನು ಇವತ್ತಿಗೂ ನಮ್ಮದು ಹೋಟೆಲ್ ಅಂತಲೇ ಹೇಳುದು. ನಿನಗೆ ಇದೆಲ್ಲ ಗೊತ್ತಾಗುದಿಲ್ಲ, ನೀನು ಒಬ್ಬನೇ.”

“ನನ್ನ ಹತ್ತಿರ ಹೇಳಬಹುದಿತ್ತು. ನಾನು ಇರುವಾಗಲೇ ಹಾಕಬಹುದಿತ್ತು.”

ಅಕ್ಕ ಸೌಟನ್ನು ಪಾತ್ರೆಗೆ ಇಳಿಸಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು.

“ನಿತಿನ್ ನಿನ್ನನ್ನು ಗೋವಾಕ್ಕೆ ಕಳಿಸುವ ಅಂದ. ನಾನೇ ಬೇಡ ಅಂದೆ. ಗೋವಾದಲ್ಲಿ ಯಾರಾದರೂ ಹೇಳಿದರೆ ನೀನು ಅವತ್ತಿನ ಬಸ್ಸಿಗೇ ಬಂದು ನನ್ನ ಎದುರು ಕೂರ್ತಿ. ನೀನು ಎದುರು ಕೂತರೆ ನನ್ನ ಕೈಯಿಂದ ಸಹಿ ಆಗುದಿಲ್ಲ ವಿಠಲ, ಅದು ನನಗೆ ಗೊತ್ತು. ಅದಕ್ಕೇ, ಬರ್ಲಿಕ್ಕೆ ಆಗದಷ್ಟು ದೂರ ಕಳಿಸು ಅಂತ ಹೇಳಿದ್ದು ನಾನು.”

ನನ್ನ ಜೀವನದ ಒಂದೇ ಒಂದು ವಿದೇಶ ಪ್ರವಾಸದ ಅರ್ಥ ಇಷ್ಟು. ಜಗತ್ತಿನಲ್ಲಿ ಅವಳಿಗೆ ನನ್ನ ಮುಖವೊಂದೇ ಅಡ್ಡ ಬರುತ್ತಿತ್ತು, ಅದನ್ನು ಸರಿಸಲು ಒಂದು ಕಡಲು ಬೇಕಾಯಿತು. ಅವಳು ನನ್ನನ್ನು ಪ್ರೀತಿಸದೆ ಮೋಸ ಮಾಡಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಪ್ರೀತಿ ಇದೆ ಎಂದು ಗೊತ್ತಿದ್ದೇ, ಅದು ಅಡ್ಡ ಬಾರದ ಹಾಗೆ ನೋಡಿಕೊಂಡಳು. ಅದನ್ನು ಕ್ಷಮಿಸಲು ನನಗೆ ಬರುವುದಿಲ್ಲ.

“ತಿನ್ನು, ತಣ್ಣಗಾಗ್ತದೆ” ಎಂದಳು.

ಅನ್ನಕ್ಕೆ ಕೈ ಹಾಕಿದ್ದೆ, ಒಂದು ತುತ್ತು ಕಲಸಿಯೂ ಇದ್ದೆ. ಅದನ್ನು ಹಾಗೇ ಬಿಟ್ಟು ಎದ್ದು ಕೈ ತೊಳೆದೆ. ನಮ್ಮ ಅಮ್ಮ ಹೋದ ಮೇಲೆ ನನಗೆ ಅನ್ನ ಬಡಿಸುತ್ತಾ ಬಂದವಳು ಅಕ್ಕನೇ. ಅವಳು ಬಡಿಸಿದ ತಟ್ಟೆಯಿಂದ ನಾನು ಉಣ್ಣದೆ ಎದ್ದದ್ದು ಅದೇ ಮೊದಲು.